ಅರ್ಧ ತಟ್ಟೆ ಬಣ್ಣ

ಜನವರಿ ೯, ಗುರುವಾರ

ನೂಲಿಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಇಪ್ಪತ್ತೊಂಬತ್ತು ವರ್ಷದಿಂದ ಬಣ್ಣದ ಮೇಸ್ತ್ರಿ ನಾನು. ಅಲ್ಲಿ ತೊಟ್ಟಿಗೆ ಇಳಿದ ಪ್ರತಿ ಬ್ಯಾಚಿನ ವಿವರವನ್ನೂ ಬರೆದಿಡುತ್ತೇನೆ. ಯಾವ ಬಣ್ಣ ಎಷ್ಟು ಗ್ರಾಂ, ನೀರು ಎಷ್ಟು ಬಿಸಿ, ಎಷ್ಟು ನಿಮಿಷ. ಬರೆಯದೆ ಮಾಡಿದ ಕೆಲಸ ಕೆಟ್ಟರೆ ಯಾಕೆ ಕೆಟ್ಟಿತೆಂದು ಹೇಳಲು ಯಾರಪ್ಪನಿಂದಲೂ ಆಗುವುದಿಲ್ಲ. ಇವತ್ತಿನಿಂದ ಅಕ್ಕನ ವಿಷಯವನ್ನೂ ಹಾಗೇ ಬರೆಯುತ್ತೇನೆ.

ಮೂಳೆ ಡಾಕ್ಟರು ಅಕ್ಕನ ಮಂಡಿಯ ಎಕ್ಸ್‌ರೇ ನೋಡಿ, ಬಲಗಾಲಿನದನ್ನು ಮೊದಲು ಬದಲಾಯಿಸೋಣ ಅಂದರು. ಆಮೇಲೆ ರಕ್ತದ ವರದಿ ನೋಡಿ ಪೆನ್ನು ಕೆಳಗಿಟ್ಟರು. ಮೂರು ತಿಂಗಳ ಸರಾಸರಿ ಸಕ್ಕರೆ ಹತ್ತು ಪಾಯಿಂಟ್ ಒಂದು. "ಎಂಟಕ್ಕಿಂತ ಕೆಳಗೆ ಬರಲಿ, ಆಮೇಲೆ ಆಪರೇಷನ್. ಈಗ ಕುಯ್ದರೆ ಗಾಯ ಮಾಯೋದು ಕಷ್ಟ," ಅಂದರು. ಏಪ್ರಿಲ್ ಹತ್ತಕ್ಕೆ ಮತ್ತೆ ಬರಬೇಕು.

ಊಟದ ವಿಷಯ ಹೇಳುವ ಡಯಟಿಷಿಯನ್ ಹತ್ತಿರ ಕಳಿಸಿದರು. ಸಣ್ಣ ವಯಸ್ಸಿನಾಕೆ. "ಇವರು ದಿನಾ ಏನು ತಿಂತಾರೆ ಸರ್?" ಎಂದು ಕೇಳಿದಳು. ನಾನು ಅಕ್ಕನ ಮುಖ ನೋಡಿದೆ. ಅಕ್ಕ ಗೋಡೆ ನೋಡಿದಳು. ಹೋದ ತಿಂಗಳವರೆಗೆ ಮೂರು ಹೊತ್ತೂ ನನಗೆ ಬೇಯಿಸಿ ಹಾಕಿದವಳು ತಾನೇನು ತಿನ್ನುತ್ತಾಳೆಂದು ನಾನು ನೋಡಿಯೇ ಇಲ್ಲ. ಕೊನೆಗೆ ಅಕ್ಕನೇ ಹೇಳಿದಳು: "ಅನ್ನ, ಹಾಲು, ಬ್ರೆಡ್ಡು. ಒಂದೊಂದ್ಸಲ ಆಲೂಗಡ್ಡೆ."

"ಎಲ್ಲಾ ಬಿಳಿ," ಅಂದಳು ಆಕೆ. ಒಂದು ಕಾಗದದ ಮೇಲೆ ತಟ್ಟೆ ಬರೆದು ನಡುವೆ ಗೆರೆ ಎಳೆದಳು. ಅರ್ಧ ತಟ್ಟೆ ತರಕಾರಿ, ದಿನಕ್ಕೆ ನಾಲ್ಕೈದು ಬಣ್ಣ: ಕೆಂಪು, ಕಿತ್ತಳೆ, ಹಸಿರು, ನೇರಳೆ. ಅನ್ನ ಕಾಲು ತಟ್ಟೆ. ಹಣ್ಣು ಒಂದು ಸಣ್ಣ ಬಟ್ಟಲು, ರಸ ಹಿಂಡದೆ ಹಾಗೇ. ಮಾತ್ರೆ ತಪ್ಪಬಾರದು.

ಬಣ್ಣ ತಾನೇ? ನನ್ನನ್ನು ಬಿಟ್ಟು ಬೇರೆ ಯಾರಿಗೆ ಹೇಳಬೇಕು ಅದನ್ನು!

ಮನೆ ಎರಡನೇ ಮಹಡಿ, ಮೂವತ್ತೆಂಟು ಮೆಟ್ಟಿಲು. ಅಕ್ಕ ಹನ್ನೊಂದು ತಿಂಗಳಿಂದ ತಾನಾಗಿ ಇಳಿದಿಲ್ಲ. ಇವತ್ತು ನಾನು ಮತ್ತು ನಮ್ಮ ಕಾರ್ಖಾನೆಯ ಬಾಯ್ಲರಿನವನು ಕುರ್ಚಿಯಲ್ಲಿ ಕೂರಿಸಿ ಇಳಿಸಿ ಹತ್ತಿಸಿದೆವು. ಲಾಂಡ್ರಿಯಲ್ಲಿ ಮೂವತ್ತು ವರ್ಷ ನಿಂತೇ ಇಸ್ತ್ರಿ ಮಾಡಿದ ಹೆಂಗಸು, ನೆರೆಹೊರೆಯವರಿಗೆ ಕಾಣಬಾರದೆಂದು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಿದ್ದಳು. ಏಪ್ರಿಲ್ ಹತ್ತರೊಳಗೆ ಎಂಟರ ಕೆಳಗೆ ತರುತ್ತೇನೆ. ತಂದೇ ತರುತ್ತೇನೆ.

ಜನವರಿ ೧೦, ಶುಕ್ರವಾರ

ಕಾರ್ಖಾನೆಯ ಬಣ್ಣದ ಮಾದರಿಗಳಿರುವ ಶೇಡ್ ಕಾರ್ಡ್ ಜೇಬಿಗಿಟ್ಟುಕೊಂಡು ಮಾರ್ಕೆಟ್ಟಿಗೆ ಹೋದೆ. ಕೆಂಪು ಎಂದು ಡಯಟಿಷಿಯನ್ ಸುಲಭವಾಗಿ ಹೇಳಿಬಿಟ್ಟಳು. ನನ್ನ ಕಾರ್ಡಿನಲ್ಲಿ ಕೆಂಪೇ ಹತ್ತೊಂಬತ್ತು ಇವೆ. ಟೊಮೆಟೊ ಒಂದರ ಪಕ್ಕ ಕಾರ್ಡ್ ಹಿಡಿದು ನೋಡುತ್ತಿದ್ದೆ. ತರಕಾರಿ ಅಂಗಡಿಯಾಕೆ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಏನಣ್ಣಾ, ಹೆಣ್ಣು ನೋಡೋಕೆ ಬಂದಿದ್ದೀರಾ?"

"ಗಾಢ ಕೆಂಪು ಬೇಕಮ್ಮಾ. ಇದು ಕಿತ್ತಳೆ ಕಡೆ ವಾಲಿದೆ."

"ಎರಡು ದಿನ ಬುಟ್ಟಿಲಿಡಿ, ಅದೇ ಈ ಕಡೆ ವಾಲುತ್ತೆ."

ಬೀಟ್‌ರೂಟು, ಕ್ಯಾರೆಟ್ಟು, ಪಾಲಕ್ ಸೊಪ್ಪು, ನೇರಳೆ ಎಲೆಕೋಸು, ಕುಂಬಳಕಾಯಿ ಒಂದು ಹೋಳು. ಐದು ಬಣ್ಣ.

ಬ್ಯಾಚ್ ೧. ತರಕಾರಿ ಒಟ್ಟು ೨೨೦ ಗ್ರಾಂ, ಒಬ್ಬರಿಗೆ, ಕಾರ್ಖಾನೆಯಿಂದ ತಂದ ತಕ್ಕಡಿಯಲ್ಲಿ ತೂಗಿ. ಬೇಯಿಸಿದ್ದು ಇಪ್ಪತ್ತು ನಿಮಿಷ. ಅಕ್ಕ ತಟ್ಟೆ ನೋಡಿ, "ನಾನೇನು ಹಸುವೇನೋ?" ಅಂದಳು. ಅನ್ನ ಇದ್ದ ಮೂಲೆಯಿಂದ ಶುರು ಮಾಡಿ ಅನ್ನ ಇದ್ದ ಮೂಲೆಯಲ್ಲೇ ಮುಗಿಸಿದಳು. ನಾನು ಒಳಗೆ ಹೋಗಿ ಬ್ರೆಡ್ಡಿಗೆ ಬೆಣ್ಣೆ ಹಚ್ಚಿಕೊಂಡು ತಿಂದು ಮಲಗಿದೆ.

ಜನವರಿ ೧೪, ಮಂಗಳವಾರ

ಬ್ಯಾಚ್ ೫. ಕೆಲಸ ಕೆಟ್ಟಿತ್ತು, ಯಾಕೆಂದು ಗೊತ್ತಾಯಿತು. ಪಾಲಕ್ ಬೆಂದ ಮೇಲೆ ಕೊಳೆತ ಹಗ್ಗದ ಬಣ್ಣಕ್ಕೆ ತಿರುಗುತ್ತಿದೆ. ಬೀಟ್‌ರೂಟು ಬಿಟ್ಟ ಬಣ್ಣ ಎಲೆಕೋಸಿಗೆ ಹತ್ತಿ, ಕುಂಬಳಕಾಯಿಗೂ ಬಳಿದುಕೊಂಡು, ಐದು ಬಣ್ಣ ಹೋಗಿ ಒಂದೇ ಮಣ್ಣಿನ ಬಣ್ಣ. ಇಂಥದ್ದನ್ನು ನಮ್ಮ ಕಾರ್ಖಾನೆಯಿಂದ ಹೊರಗೆ ಕಳಿಸಿದರೆ ಮಾರನೇ ದಿನವೇ ವಾಪಸ್ಸು ಬರುತ್ತದೆ. ಅಕ್ಕ ತಿನ್ನದಿದ್ದರೆ ಅವಳದ್ದೇನು ತಪ್ಪು?

ನಾಳೆಯಿಂದ ಕ್ರಮವಾಗಿ ಮಾಡುತ್ತೇನೆ. ಹಸಿರು ನಿಲ್ಲಲು ನೀರಿಗೆ ಸೋಡಾ. ಕೆಂಪು ನಿಲ್ಲಲು ವಿನಿಗರ್. ಒಂದೊಂದು ಬಣ್ಣಕ್ಕೂ ಬೇರೆ ಬೇರೆ ಪಾತ್ರೆ. ಆಮೇಲೆ ಮೂರು ನೀರಿನಲ್ಲಿ ಜಾಲಾಡಬೇಕು. ಮೂರನೇ ನೀರು ತಿಳಿಯಾಗಿ ಬಂದರೆ ಒಂದರ ಬಣ್ಣ ಇನ್ನೊಂದಕ್ಕೆ ಹತ್ತುವುದಿಲ್ಲ.

ಜನವರಿ ೧೫, ಬುಧವಾರ

ಬ್ಯಾಚ್ ೬. ಅದ್ಭುತ! ಪಾಲಕ್ ಹಸಿರು ನನ್ನ ಕಾರ್ಡಿನ ಅರವತ್ತೊಂದಕ್ಕೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಬಂತು. ಬೀಟ್‌ರೂಟು ಐದು ನೀರು ಕೇಳಿತು, ಆದರೂ ಬಿಡಲಿಲ್ಲ. ಅಕ್ಕ ಎರಡು ತುತ್ತು ತಿಂದು, "ಲೋಳೆ ಲೋಳೆ ಇದೆ," ಅಂದಳು. ಕುಣಿಯಲಾರದವಳಿಗೆ ನೆಲ ಡೊಂಕು. ಎದುರಿಗೇ ನಿಂತು ಪೂರ್ತಿ ತಿನ್ನಿಸಿದೆ. ನಲವತ್ತು ನಿಮಿಷ ಹಿಡಿಯಿತು. ಕಾಲು ನೋವು ಬಂತು, ಅದು ಬೇರೆ ಮಾತು.

ಫೆಬ್ರವರಿ ೬, ಗುರುವಾರ

ಮೂರು ವಾರದ ಬರವಣಿಗೆ ಹಿಡಿದುಕೊಂಡು, ಒಂದು ಡಬ್ಬಿಯಲ್ಲಿ ಮಾದರಿ ತುಂಬಿಕೊಂಡು ಡಯಟಿಷಿಯನ್ ಹತ್ತಿರ ಹೋದೆ. ಮೆಚ್ಚಿಕೊಳ್ಳುತ್ತಾಳೆ ಎಂದುಕೊಂಡಿದ್ದೆ. ಸುಳ್ಳು ಯಾಕೆ ಹೇಳಬೇಕು.

ಡಬ್ಬಿ ತೆಗೆದು ನೋಡಿದಳು. "ಎಷ್ಟು ಚೆನ್ನಾಗಿದೆ ಸರ್ ಬಣ್ಣ! ಹೇಗೆ ಮಾಡಿದ್ರಿ?"

ಹೇಳಿದೆ. ಸೋಡಾ, ವಿನಿಗರ್, ಮೂರು ನೀರು. ಆಕೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಮುಖ ಒರೆಸಿಕೊಂಡಳು. ನಗು ತಡೆದುಕೊಳ್ಳುತ್ತಿದ್ದಾಳೆಂದು ಗೊತ್ತಾಗಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

"ಸರ್, ಬಣ್ಣ ಉಳಿಸ್ಕೊಂಡು ಸತ್ವ ತೊಳೆದುಬಿಟ್ಟಿದ್ದೀರಲ್ಲ. ಸೋಡಾ ಹಾಕಿದ್ರೆ ಹಸಿರು ನಿಲ್ಲುತ್ತೆ ನಿಜ, ಆದ್ರೆ ವಿಟಮಿನ್ ಹೋಗುತ್ತೆ. ಉಳಿದಿದ್ದೆಲ್ಲ ನೀವು ಚೆಲ್ಲಿದ ಆ ಮೂರು ನೀರಲ್ಲಿ ಹೋಯ್ತು. ಇದು ಸೀರೆ ಅಲ್ಲ, ಸೊಪ್ಪು."

ಮೂರು ವಾರ ಅಕ್ಕನಿಗೆ ಒಗೆದು ಹಿಂಡಿದ ತರಕಾರಿ ತಿನ್ನಿಸಿದ್ದೇನೆ! ಲೋಳೆ ಅಂತ ಅವಳು ಮೊದಲ ದಿನವೇ ಹೇಳಿದ್ದಳು. ಬಾಯ್ಲರಿನವನಿಗೆ ಹೇಳಿದರೆ, "ಮೇಸ್ತ್ರಿಗಳೇ, ಇಸ್ತ್ರಿ ಒಂದು ಮಾಡಲಿಲ್ಲ ತಾನೇ?" ಅಂದ. ಇಡೀ ಕಾರ್ಖಾನೆಗೆ ಸುದ್ದಿ ಹಬ್ಬಿದೆ.

ಆಗಲಿ. ನಗುವವರು ನಗಲಿ. ಇನ್ನು ಒಂಬತ್ತು ವಾರ ಇದೆ. ಸ್ವಲ್ಪ ನೀರು, ಮುಚ್ಚಳ, ಏಳೆಂಟು ನಿಮಿಷ. ಕೆಲವು ಹಸಿಯಾಗಿಯೇ.

ಫೆಬ್ರವರಿ ೭, ಶುಕ್ರವಾರ

ಬ್ಯಾಚ್ ೨೯. ೨೨೦ ಗ್ರಾಂ. ಎಂಟು ನಿಮಿಷ. ಎದುರಿಗೆ ನಿಂತು ನೋಡಬೇಡ, ಗಂಟಲಲ್ಲಿ ಇಳಿಯಲ್ಲ ಅಂದಳು ಅಕ್ಕ. ಒಳಗೆ ಹೋದೆ. ಬಂದು ನೋಡಿದರೆ ತಟ್ಟೆ ಖಾಲಿ. ಜಾಣೆ.

ಫೆಬ್ರವರಿ ೧೮, ಮಂಗಳವಾರ

ಬ್ಯಾಚ್ ೪೦. ತಟ್ಟೆ ಖಾಲಿ. ಆದರೆ ಬೆಳಿಗ್ಗೆ ಬೆರಳು ಚುಚ್ಚಿ ನೋಡಿದರೆ ಸಕ್ಕರೆ ಅಲ್ಲೇ ಇದೆ. ನಿನ್ನೆಯೂ ಅಷ್ಟೇ, ಮೊನ್ನೆಯೂ ಅಷ್ಟೇ. ಅಳತೆ ಸರಿ, ಹೊತ್ತು ಸರಿ, ಮಾತ್ರೆ ಸರಿ. ಎಲ್ಲವೂ ಸರಿಯಿದ್ದು ಬಣ್ಣ ಹಿಡಿಯದಿದ್ದರೆ ನೂಲನ್ನು ಅನುಮಾನಿಸು ಎನ್ನುತ್ತಿದ್ದರು ನನಗೆ ಕೆಲಸ ಕಲಿಸಿದ ಹಿರಿಯರು.

ಫೆಬ್ರವರಿ ೨೩, ಭಾನುವಾರ

ಅಕ್ಕನ ಮಂಚದ ಕೆಳಗೆ ಗುಡಿಸುವಾಗ ಬಿಸ್ಕತ್ತಿನ ಡಬ್ಬಿ ಸಿಕ್ಕಿತು. ಒಳಗೆ ಹಳೇ ಪೇಪರಿನ ಪೊಟ್ಟಣಗಳು. ಪೊಟ್ಟಣದೊಳಗೆ ನನ್ನ ಕ್ಯಾರೆಟ್ಟು, ನನ್ನ ಕುಂಬಳಕಾಯಿ, ನನ್ನ ಬೀನ್ಸು, ಬೂಷ್ಟು ಹಿಡಿದು. ದಿನಾ ಮಧ್ಯಾಹ್ನ ಕಸ ಒಯ್ಯಲು ಬರುವ ಹೆಂಗಸಿನ ಕೈಗೆ ಕೊಟ್ಟು ಕಳಿಸುತ್ತಿದ್ದಳಂತೆ. ಆಕೆ ಮೂರು ದಿನ ರಜೆ, ಅದಕ್ಕೇ ಅಕ್ಕ ಸಿಕ್ಕಿಬಿದ್ದಳು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ!

ಕೂಗಾಡಿದೆ. ಬರೆಯಲು ನಾಚಿಕೆಯಾಗುವ ಮಾತೂ ಒಂದೆರಡು ಆಡಿದೆ. ಜೀವನಪೂರ್ತಿ ಕುರ್ಚಿಯಲ್ಲೇ ಹೊರಬೇಕಾ ನಿನ್ನನ್ನು ಎಂದೆ. ಅದನ್ನು ಆಡಬಾರದಿತ್ತು.

ಅಕ್ಕ ಅಳಲಿಲ್ಲ. "ಕೂಗಿದ್ದು ಆಯ್ತಾ? ಕೂತ್ಕೋ," ಅಂದಳು. ಕೂತೆ.

"ನಂಗೆ ತರಕಾರಿ ಇಷ್ಟ ಇಲ್ಲ ಅಂತ ಯಾವಾಗಲೂ ಹೇಳ್ತಿದ್ದೆ ಅಲ್ವಾ. ಅದು ಸುಳ್ಳು ಕಣೋ. ಇಷ್ಟ ಇದೆಯೋ ಇಲ್ವೋ ನಂಗೇ ಗೊತ್ತಿಲ್ಲ. ಅಮ್ಮ ಹೋದಾಗ ನಂಗೆ ಹದಿಮೂರು, ನಿಂಗೆ ನಾಲ್ಕು. ಅಪ್ಪಂಗೆ ಎತ್ತಿಟ್ಟು, ನಿಮ್ಮ ಮೂರು ಜನಕ್ಕೆ ಬಡಿಸೋ ಹೊತ್ತಿಗೆ ಪಾತ್ರೆ ಖಾಲಿ. ನೀನು ಇನ್ನೂ ಬೇಕು ಅಂತ ಅಳೋನು. ನಂಗೆ ಇಷ್ಟ ಇಲ್ಲ, ನೀನೇ ತಿನ್ನು ಅನ್ನೋಳು. ಹಾಗಂದ್ರೆ ಯಾರೂ ತಿರುಗಿ ಕೇಳಲ್ಲ ನೋಡು. ಹೇಳಿ ಹೇಳಿ ಅದೇ ಅಭ್ಯಾಸ ಆಯ್ತು."

ಅಕ್ಕ ಡಬ್ಬಿಯ ಮುಚ್ಚಳ ಹಾಕಿದಳು.

"ಈಗ ನೀನು ಅಷ್ಟೇ ಅಷ್ಟು ಬೇಯಿಸ್ತೀಯ. ಎಲ್ಲಾ ನನ್ನ ತಟ್ಟೆಗೆ ಸುರೀತೀಯ. ಒಳಗೆ ಹೋಗಿ ನಿಂತ್ಕೊಂಡು ಬ್ರೆಡ್ಡು ತಿಂತೀಯ. ಕೆಲಸ ಮಾಡಿ ಬಂದೋನು ಬ್ರೆಡ್ಡು ತಿನ್ನೋವಾಗ ಇದು ನನ್ನ ಗಂಟಲಲ್ಲಿ ಹೇಗೆ ಇಳಿಯುತ್ತೆ? ಯಾರದ್ದೋ ಪಾಲು ಕದ್ದ ಹಾಗಾಗುತ್ತೆ."

ಈಗ ಸಂಜೆ ಆರೂವರೆ. ಎರಡು ಗಂಟೆಯಿಂದ ಇದನ್ನೇ ಯೋಚಿಸುತ್ತಿದ್ದೇನೆ. ಐವತ್ತೆರಡು ವರ್ಷದವನು ನಾನು. ನನ್ನ ತಟ್ಟೆಯಲ್ಲಿ ಯಾವತ್ತೂ ಏನೂ ಕಡಿಮೆ ಬಿದ್ದಿಲ್ಲ. ಎಲ್ಲಿಂದ ಬರುತ್ತಿತ್ತು ಅದು ಎಂದು ಒಂದು ದಿನವೂ ಕೇಳಲಿಲ್ಲ. ನನಗೆ ಬಹಳ ನಾಚಿಕೆಯಾಗಿದೆ. ಏಳು ಪಾತ್ರೆ ತೊಳೆದು, ಎಲ್ಲಕ್ಕಿಂತ ದೊಡ್ಡದನ್ನು ಹೊರಗಿಟ್ಟಿದ್ದೇನೆ.

ಫೆಬ್ರವರಿ ೨೪, ಸೋಮವಾರ

ಮಾರ್ಕೆಟ್ಟಿನಲ್ಲಿ ಎರಡು ಚೀಲ ತುಂಬಿಸಿದೆ. "ಮನೇಲಿ ಮದುವೇನಾ ಅಣ್ಣಾ?" ಅಂದಳು ಅಂಗಡಿಯಾಕೆ. ಇಬ್ಬರ ಊಟ ಅಂದೆ. ನನ್ನ ಹೊಟ್ಟೆ ನೋಡಿ, ಇರಬಹುದು ಅಂದಳು.

ದೊಡ್ಡ ಪಾತ್ರೆ ತುಂಬ ಬೇಯಿಸಿ, ಪಾತ್ರೆಯನ್ನೇ ಮೇಜಿನ ನಡುವೆ ತಂದಿಟ್ಟೆ. ಮೊದಲು ನನ್ನ ಅರ್ಧ ತಟ್ಟೆಗೆ ಹಾಕಿಕೊಂಡೆ. ಆಮೇಲೆ ಅಕ್ಕನಿಗೆ. ಇನ್ನೂ ಮುಕ್ಕಾಲು ಪಾತ್ರೆ ಉಳಿದಿತ್ತು. ಅಕ್ಕ ಸೌಟು ಹಾಕಿ ತಿರುವಿ ನೋಡಿದಳು. "ಇದನ್ನೆಲ್ಲ ಯಾರೋ ತಿನ್ನೋರು?" ಅಂದಳು. ನೀನು ಬಿಟ್ಟದ್ದನ್ನು ನಾನು, ನಾನು ಬಿಟ್ಟದ್ದನ್ನು ಬಾಯ್ಲರಿನವನು ಅಂದೆ. ನಾನು ತಿನ್ನಲು ಶುರು ಮಾಡಿದ ಮೇಲೆ ಅವಳೂ ಶುರು ಮಾಡಿದಳು.

ಬರೀ ಬೇಯಿಸಿದ ಬೀನ್ಸು ಸಪ್ಪೆ. ಇಷ್ಟು ದಿನ ಇದನ್ನು ಅವಳಿಗೆ ಹಾಕುತ್ತಿದ್ದೆನಲ್ಲ ಎಂದು ಅನ್ನಿಸಿತು.

ಮಾರ್ಚ್ ೩, ಸೋಮವಾರ

ಅಕ್ಕ ಅಡುಗೆಮನೆ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದಾಳೆ. ನಾನು ಒಲೆಯ ಮುಂದೆ. "ಬೆಳ್ಳುಳ್ಳಿ ಮೊದಲು. ಈಗಲೇ ಉಪ್ಪು ಹಾಕ್ಬೇಡ. ವಾಸನೆ ಬಂತು ನೋಡು, ಇಳಿಸು, ಇಳಿಸೋ!" ಕಾರ್ಖಾನೆಯಲ್ಲಿ ನನ್ನ ಮೇಲೆ ಇಷ್ಟು ಜೋರು ಮಾಡಿದವರಿಲ್ಲ. ತಿನ್ನದೇ ನಲವತ್ತೆಂಟು ವರ್ಷ ಅಡುಗೆ ಮಾಡಿದ್ದಾಳೆ, ಬರೀ ಮೂಗಿನ ಬಲದ ಮೇಲೆ.

ಹೊಸ ವಿಷಯ: ಅಕ್ಕನಿಗೆ ಹಸಿ ನೇರಳೆ ಎಲೆಕೋಸು ಬಹಳ ಹಿಡಿಸಿದೆ. ಮೇಲೆ ನಿಂಬೆರಸ ಹಿಂಡಿದರೆ ಅದು ಗುಲಾಬಿಗೆ ತಿರುಗುತ್ತದೆ. ಅದನ್ನು ನೋಡಿ ಚಿಕ್ಕ ಹುಡುಗಿಯ ಹಾಗೆ ನಕ್ಕಳು. ನಾನು ಕಾರಣ ವಿವರಿಸಲು ಹೊರಟೆ. "ನಿನ್ನ ಪಾಠ ಆಮೇಲೆ, ಬಟ್ಟಲು ಈ ಕಡೆ ತಳ್ಳು," ಅಂದಳು.

ತಕ್ಕಡಿಯನ್ನು ಕಾರ್ಖಾನೆಗೆ ವಾಪಸ್ಸು ಒಯ್ದೆ. ಅಲ್ಲಿ ಅದರ ಅವಶ್ಯಕತೆ ಇತ್ತು.

ಮಾರ್ಚ್ ೧೧, ಮಂಗಳವಾರ

ಅಕ್ಕನಿಗೆ ಕ್ಯಾರೆಟ್ ಇಷ್ಟವಿಲ್ಲ! ನಿಜವಾಗಿಯೂ ಇಷ್ಟವಿಲ್ಲ. ಮೂರು ರೀತಿ ಮಾಡಿ ಕೊಟ್ಟೆ. "ಇದು ಸುಳ್ಳಲ್ಲ ಕಣೋ, ತಿಂದು ನೋಡಿ ಹೇಳ್ತಿದ್ದೀನಿ. ಆಗಲ್ಲ ನಂಗೆ," ಅಂದಳು. ಹೇಳುವಾಗ ಏನು ಗತ್ತು! ಕಿತ್ತಳೆ ಬಣ್ಣಕ್ಕೆ ಇನ್ನು ಕುಂಬಳಕಾಯಿ ಮತ್ತು ಪಪ್ಪಾಯಿ. ಕ್ಯಾರೆಟ್ ನನ್ನ ಪಾಲಿಗೆ.

ಬೆಳಗಿನ ಸಕ್ಕರೆ ಈ ವಾರ ಇಳಿದಿದೆ.

ಮಾರ್ಚ್ ೨೨, ಶನಿವಾರ

ನನ್ನ ಪ್ಯಾಂಟುಗಳ ನಡುಪಟ್ಟಿ ಸಡಿಲವಾಗಿದೆ. ಈಗಿನ ಬಟ್ಟೆಯೇ ಹೀಗೆ, ನಾಲ್ಕು ಸಲ ಒಗೆದರೆ ಜೋತುಬೀಳುತ್ತದೆ. ಬಾಯ್ಲರಿನವನು ಏನೇನೋ ಹೇಳಿ ನಗುತ್ತಾನೆ. ಬೆಲ್ಟಿಗೆ ಎರಡು ತೂತು ಹೆಚ್ಚಿಗೆ ಹಾಕಿಸಬೇಕು.

ಅಕ್ಕ ಮಲಗುವ ಕೋಣೆಯಿಂದ ಬಚ್ಚಲಿನವರೆಗೆ ಗೋಡೆ ಹಿಡಿದು ದಿನಕ್ಕೆ ಹತ್ತು ಸಲ ನಡೆಯುತ್ತಾಳೆ. ಸಾಕು ಕೂತ್ಕೋ ಅಂದರೆ, "ಆಪರೇಷನ್ ಮಾಡಿದ ಮೇಲೆ ಕಾಲಿಗೆ ನಡೆಯೋದು ಮರೆತು ಹೋಗಿರಬಾರದು," ಅನ್ನುತ್ತಾಳೆ.

ಏಪ್ರಿಲ್ ೧೦, ಗುರುವಾರ

ಎಂಟು ಪಾಯಿಂಟ್ ಎರಡು.

ಬರೀ ಪಾಯಿಂಟ್ ಎರಡಕ್ಕೆ ಯಾರಾದರೂ ಬಾಗಿಲು ಮುಚ್ಚುತ್ತಾರಾ? ಡಾಕ್ಟರ ಹತ್ತಿರ ವಾದ ಮಾಡಿದೆ. ನಾನು ಒಪ್ಪಿಸುವ ನೂಲಿನಲ್ಲಿ ಇದಕ್ಕಿಂತ ಹೆಚ್ಚು ವ್ಯತ್ಯಾಸ ಇದ್ದರೂ ಗಿರಾಕಿ ಸುಮ್ಮನಿರುತ್ತಾನೆ ಅಂದೆ. ಡಾಕ್ಟರು ತಾಳ್ಮೆಯ ಮನುಷ್ಯ, ಅಲ್ಲಾಡಲಿಲ್ಲ. ಮೊದಲ ಆರು ವಾರ ಹಾಳು ಮಾಡಿದವನು ನಾನೇ. ಸೋಡಾ ಹಾಕಿ ಮೂರು ವಾರ, ಒಬ್ಬಳಿಗೇ ಬಡಿಸಿ ಮೂರು ವಾರ.

ಅಕ್ಕ ನನ್ನ ತೋಳು ಹಿಡಿದು ಹಿಂದಕ್ಕೆ ಎಳೆದಳು. "ನೀನು ಸುಮ್ನಿರು. ಡಾಕ್ಟ್ರೇ, ಮತ್ತೆ ಯಾವಾಗ ಬರಲಿ?"

"ಆರು ವಾರ ಬಿಟ್ಟು ಬನ್ನಿ ಅಮ್ಮಾ."

"ಬರ್ತೀನಿ. ಆವತ್ತು ತಾರೀಖು ಕೊಡೋಕೆ ಪೆನ್ನು ತೆಗೆದಿಟ್ಟುಕೊಂಡಿರಿ."

ಮನೆಗೆ ಬಂದು ಕುರ್ಚಿಯಲ್ಲಿ ಹತ್ತಿಸುವಾಗ ಅಕ್ಕ ಮುಖ ಮುಚ್ಚಿಕೊಳ್ಳಲಿಲ್ಲ. ಮೊದಲ ಮಹಡಿಯವರು ಬಾಗಿಲಲ್ಲಿ ನಿಂತಿದ್ದರು. ಜೂನ್ ತಿಂಗಳಲ್ಲಿ ಈ ಮೆಟ್ಟಿಲು ಖಾಲಿ ಬಿಟ್ಟಿರಿ, ನಾನು ಇಳಿಯೋದಿದೆ ಎಂದು ಅವರಿಗೆ ಹೇಳಿದಳು.

ಏಪ್ರಿಲ್ ೧೧, ಶುಕ್ರವಾರ

ಅನ್ನ ಇನ್ನೂ ಎರಡು ಚಮಚ ಕಡಿಮೆ. ಹೇಳಿದ್ದು ನಾನಲ್ಲ, ಅಕ್ಕ.

ಮೇ ೪, ಭಾನುವಾರ

ಬರೆಯಲು ಏನೂ ಇಲ್ಲ. ಬದನೆಕಾಯಿ ಸುಟ್ಟೆವು, ಕೆಂಪು ದೊಣ್ಣೆಮೆಣಸಿನಕಾಯಿ ಹುರಿದೆವು, ಸೀಬೆಹಣ್ಣು ಹೆಚ್ಚಿದೆವು. ಅಕ್ಕ ತನ್ನ ಲಾಂಡ್ರಿಯ ಕಾಲದ ಕಥೆ ಹೇಳಿದಳು. ಒಬ್ಬ ಗಿರಾಕಿ ಮದುವೆ ಕೋಟಿನ ಜೇಬಿನಲ್ಲಿ ಹಲ್ಲುಸೆಟ್ಟು ಬಿಟ್ಟು ಹೋಗಿದ್ದನಂತೆ. ನಕ್ಕು ನಕ್ಕು ಊಟ ಮುಗಿಯುವುದಕ್ಕೆ ಒಂದು ಗಂಟೆ ಆಯಿತು. ಎಷ್ಟು ತಿಂದೆವೋ ನೋಡಲಿಲ್ಲ.

ಮೇ ೨೨, ಗುರುವಾರ

ಏಳು ಪಾಯಿಂಟ್ ಏಳು! ಡಾಕ್ಟರ ಕೈಯಲ್ಲಿ ಪೆನ್ನು ಇತ್ತು. ಜೂನ್ ಐದಕ್ಕೆ ಆಪರೇಷನ್.

ನಾನು ಆಸ್ಪತ್ರೆಯ ಪಡಸಾಲೆಯಲ್ಲಿ ನಿಂತು ಬಾಯ್ಲರಿನವನಿಗೆ ಫೋನ್ ಮಾಡಿದೆ. ಅವನು ಅಲ್ಲಿಂದಲೇ ಕೂಗಿದ್ದು ಅಕ್ಕನಿಗೂ ಕೇಳಿಸಿತು. ಬರುವಾಗ ಮಾರ್ಕೆಟ್ಟಿನ ಮುಂದೆ ಆಟೋ ನಿಲ್ಲಿಸಿ ಒಂದು ಪಪ್ಪಾಯಿ ತೆಗೆದುಕೊಂಡೆ. ಅಂಗಡಿಯಾಕೆ ಆಟೋ ಹತ್ತಿರ ಬಂದು ಅಕ್ಕನನ್ನು ನೋಡಿ, "ಓ, ಆ ಇಬ್ಬರ ಊಟದೋರು ನೀವೇನಾ!" ಅಂದಳು.

ಊಟದ ಕೊನೆಗೆ ಪಪ್ಪಾಯಿ ಹೆಚ್ಚಿದೆ. ಹೆಚ್ಚು ಬೇಡವೆಂದು ಏಳೇ ಹೋಳು. ಮೂರು ಅವಳು ತಿಂದಳು, ಮೂರು ನಾನು. ಒಂದು ಉಳಿಯಿತು. ಚಿಕ್ಕಂದಿನಿಂದಲೂ ಈ ಮನೆಯಲ್ಲಿ ಕೊನೆಯ ತುಂಡು ನನ್ನದು. ಅಭ್ಯಾಸ ಬಲದಿಂದ ನೋಡದೇ ಕೈ ಚಾಚಿದೆ. ಬಟ್ಟಲಿನಲ್ಲಿ ಆಗಲೇ ಅಕ್ಕನ ಕೈ ಇತ್ತು.

ಅಕ್ಕ ಕೈ ಹಿಂದಕ್ಕೆ ತೆಗೆಯುತ್ತಾಳೆ, ನೀನೇ ತಿನ್ನು ಅನ್ನುತ್ತಾಳೆ ಎಂದು ಕಾದೆ.

"ನಂಗೆ ಬೇಕು ಕಣೋ," ಅಂದಳು.

ನಾನು ಕೈ ತೆಗೆದೆ. ಅವಳು ಆ ಹೋಳನ್ನು ಕಣ್ಣು ಮುಚ್ಚಿ ನಿಧಾನವಾಗಿ ತಿಂದಳು. ನನಗೆ ಅಳು ಬಂತು, ನೀರು ಕುಡಿಯುವ ನೆಪದಲ್ಲಿ ಎದ್ದು ನಿಂತೆ. ಅಕ್ಕ ಬಾಯಿ ಒರೆಸಿಕೊಂಡು, "ಇನ್ನೊಂದು ದಿನ ಹಣ್ಣಾಗೋಕೆ ಬಿಡಬೇಕಿತ್ತು ಕಣೋ. ನಿಂಗೆ ಆರಿಸೋಕೆ ಬರಲ್ಲ," ಎಂದು ತಪ್ಪು ಬೇರೆ ತೆಗೆದಳು.